ಸೂರಿಲ್ಲದವರು ಹಣ ಕೇಳಿದಾಗ ಕೊಡಬೇಕೇ, ಕೊಡುವುದಾದರೆ ಹೇಗೆ?

ಪ್ರಶ್ನೆ

ನಾನು ದಿನವೂ ಕೆಲಸಕ್ಕೆ ನಡೆದು ಹೋಗುವ ದಾರಿಯಲ್ಲಿ ಮನೆಯಿಲ್ಲದ ಇಬ್ಬರು ಮೂವರು ಹಣ ಕೇಳುತ್ತಾರೆ. ಕೆಲವು ದಿನ ಜೇಬಿನಲ್ಲಿದ್ದ ಚಿಲ್ಲರೆಯನ್ನು ಕೊಡುತ್ತೇನೆ, ಉಳಿದ ದಿನಗಳಲ್ಲಿ ಮೊಬೈಲ್ ನೋಡುತ್ತಿರುವವನಂತೆ ನಟಿಸಿ ದಾಟಿಬಿಡುತ್ತೇನೆ. ಕೊಟ್ಟರೆ ಆ ಹಣ ಕುಡಿತಕ್ಕೆ ಹೋಯಿತೇನೋ ಎಂಬ ಅನುಮಾನ. ಕೊಡದಿದ್ದರೆ ಸಂಜೆಯವರೆಗೂ ಮುಜುಗರ. ಇದು ಅಪಾತ್ರದಾನ, ಕೊಡುವುದಿದ್ದರೆ ಸಂಸ್ಥೆಗೆ ಕೊಡಿ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಇಂದು ರಾತ್ರಿಗೆ ಬೇಕಾದದ್ದನ್ನು ಸಂಸ್ಥೆ ಮುಂದಿನ ತಿಂಗಳು ಕೊಟ್ಟರೆ ಏನು ಬಂತು ಎಂಬುದು ಇನ್ನೊಬ್ಬರ ವಾದ. ಇದನ್ನು ಹತ್ತಿರದಿಂದ ಬಲ್ಲವರು ಏನು ಮಾಡುತ್ತೀರಿ ಎಂದು ತಿಳಿಯುವ ಆಸೆ.

ಉತ್ತರ 1

ರಾತ್ರಿ ತಂಗುದಾಣವೊಂದರಲ್ಲಿ ಕೆಲವು ವರ್ಷ ಸ್ವಯಂಸೇವಕಿಯಾಗಿದ್ದ ಅನುಭವದಿಂದ ಬರೆಯುತ್ತಿದ್ದೇನೆ. ಮೊದಲು ಕುಡಿತದ ಮಾತು. ಕೆನಡಾದ ವ್ಯಾಂಕೂವರ್‌ನಲ್ಲಿ ಮನೆಯಿಲ್ಲದ 50 ಜನರಿಗೆ ತಲಾ 7,500 ಕೆನಡಿಯನ್ ಡಾಲರ್‌ಗಳನ್ನು ಯಾವ ಷರತ್ತೂ ಇಲ್ಲದೆ ಒಂದೇ ಬಾರಿಗೆ ಕೊಟ್ಟು, ಹಣ ಪಡೆಯದ ಇನ್ನೊಂದು ಗುಂಪಿನೊಂದಿಗೆ ವರ್ಷದುದ್ದಕ್ಕೂ ಹೋಲಿಸಿ ನೋಡಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಹಣ ಪಡೆದವರು ಬೀದಿಯಲ್ಲಿ ಮತ್ತು ತಂಗುದಾಣಗಳಲ್ಲಿ ಕಳೆದ ದಿನಗಳು ಕಡಿಮೆಯಾದವು. ಮದ್ಯ, ಮಾದಕವಸ್ತು, ತಂಬಾಕುಗಳಿಗೆ ಅವರು ಮಾಡುವ ಖರ್ಚೇನೂ ಹೆಚ್ಚಲಿಲ್ಲ. ಆದರೆ ತೀವ್ರ ವ್ಯಸನವಿದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಅಲ್ಲದೆ, ಅದು ಬಾಡಿಗೆಯ ಮುಂಗಡ ಕಟ್ಟಬಹುದಾದಷ್ಟು ದೊಡ್ಡ ಮೊತ್ತ. ನಾವು ಕೊಡುವ ಚಿಲ್ಲರೆಯಿಂದ ಒಂದು ಹೊತ್ತು ಕಳೆದೀತೇ ಹೊರತು ಮನೆ ಸಿಗುವುದಿಲ್ಲ.

ಇನ್ನು, ಹಣ ಕೊಡದಿದ್ದರೆ ಕುಡಿತ ಬಿಟ್ಟಾರು ಎಂಬ ಲೆಕ್ಕವೂ ಸರಿಯಲ್ಲ. ಚಟ ಬಲಿತವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಬಿಡಿಸುವುದಿದ್ದರೆ ವೈದ್ಯರ ಕಣ್ಣೆದುರೇ ಆಗಬೇಕು.

ವಸ್ತು ಕೊಡಬೇಕೆನಿಸಿದರೆ ಕೊಳ್ಳುವ ಮೊದಲು ಅವರನ್ನೇ ಕೇಳಿ. ಹಲ್ಲು ಹಾಳಾದವರಿಗೆ ಗಟ್ಟಿ ತಿಂಡಿ ಕೊಟ್ಟು ಧನ್ಯತೆಯಿಂದ ಹೊರಡುವ ಜನರನ್ನು ನಾನು ಬಹಳ ಕಂಡಿದ್ದೇನೆ. ನಾನೂ ಹಾಗೆ ಮಾಡಿದ್ದೇನೆ. ತಂಗುದಾಣದಲ್ಲಿ ಎಲ್ಲಕ್ಕಿಂತ ಬೇಗ ಖಾಲಿಯಾಗುತ್ತಿದ್ದವು ಕಾಲುಚೀಲ, ಒಳಉಡುಪು ಮತ್ತು ಮುಟ್ಟಿನ ಪ್ಯಾಡ್‌ಗಳು. ಹಣವನ್ನೇ ಕೊಡುವುದಾದರೆ ತಿಂಗಳಿಗೆ ಇಷ್ಟು ಎಂದು ಮೊದಲೇ ನಿಶ್ಚಯಿಸಿ ಬೇರೆಯಾಗಿಟ್ಟುಕೊಳ್ಳಿ, ಕೊಟ್ಟ ಮೇಲೆ ಲೆಕ್ಕ ಕೇಳಬೇಡಿ. ಅದು ಮುಗಿದ ದಿನ "ಇವತ್ತು ಆಗುವುದಿಲ್ಲ" ಎಂದು ಬಾಯಿಬಿಟ್ಟು ಹೇಳಿದರೆ ಸಾಕು, ಮೊಬೈಲಿನ ನಾಟಕ ಬೇಕಿಲ್ಲ.

ಉತ್ತರ 2

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿಲ್ಲ. ಮಕ್ಕಳು ಕೇಳಿದಾಗಲಂತೂ ಹಣ ಕೊಡಲೇಬಾರದು ಎಂಬುದು ನನ್ನ ನಿಲುವು. ಮಗುವಿನ ಕೈಗೆ ಹಣ ಬರುತ್ತಿರುವಷ್ಟು ಕಾಲ ಅದನ್ನು ಬೀದಿಯಲ್ಲೇ ಉಳಿಸಿಕೊಳ್ಳಲು ಯಾರಿಗಾದರೂ ಕಾರಣವಿರುತ್ತದೆ. ಅಂಥಲ್ಲಿ ಮಕ್ಕಳ ಸಹಾಯವಾಣಿಗೆ ತಿಳಿಸುವುದೇ ಸರಿ. ವಯಸ್ಕರ ವಿಷಯದಲ್ಲೂ ನನ್ನ ಹಣ ಮನೆ ಒದಗಿಸುವ ಕೆಲಸಕ್ಕೇ ಹೋಗುತ್ತದೆ. ಮೊದಲು ವ್ಯಸನ ಬಿಡಲಿ, ಆಮೇಲೆ ಮನೆ ಎಂಬ ಹಳೆಯ ಕ್ರಮವನ್ನು ತಿರುವುಮುರುವು ಮಾಡಿ, ಮೊದಲು ಮನೆಯನ್ನೇ ಕೊಟ್ಟು ಚಿಕಿತ್ಸೆಯನ್ನು ಅವರ ಇಚ್ಛೆಗೆ ಬಿಡುವ ಪದ್ಧತಿಯನ್ನು ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭಿಸಿದರು. ಫಿನ್ಲೆಂಡ್ 2008ರಿಂದ ಇದನ್ನೇ ರಾಷ್ಟ್ರೀಯ ನೀತಿಯಾಗಿಸಿಕೊಂಡು, ಸಾಲು ಹಾಸಿಗೆಗಳ ತಂಗುದಾಣಗಳನ್ನು ಬಾಡಿಗೆ ಕರಾರಿನ ಸ್ವತಂತ್ರ ಮನೆಗಳಾಗಿ ಬದಲಾಯಿಸುತ್ತ ಬಂದಿತು, ದೀರ್ಘಕಾಲ ಮನೆಯಿಲ್ಲದವರ ಸಂಖ್ಯೆ ಅಲ್ಲಿ ಗಣನೀಯವಾಗಿ ಇಳಿಯಿತು. ಒಬ್ಬೊಬ್ಬರ ಜೇಬಿನ ಕರುಣೆಯಿಂದ ಆಗುವ ಕೆಲಸವಲ್ಲ ಇದು.

ಉತ್ತರ 3

ನಾನು ಏಳು ತಿಂಗಳು ಬೀದಿಯಲ್ಲಿದ್ದವನು. ಸಿಕ್ಕ ಹಣದಲ್ಲಿ ಒಮ್ಮೊಮ್ಮೆ ಕುಡಿದದ್ದೂ ಉಂಟು, ಮುಚ್ಚಿಡುವುದಿಲ್ಲ. ಹೆಚ್ಚಿನ ಪಾಲು ಹೋಗುತ್ತಿದ್ದುದು ಶೌಚಾಲಯಕ್ಕೆ, ಸ್ನಾನಕ್ಕೆ, ಫೋನ್ ಚಾರ್ಜ್ ಮಾಡಿಸುವುದಕ್ಕೆ. ಕೆಲಸ ಕೇಳಲು ಹೋಗುವ ದಿನ ಚೀಲವನ್ನು ಕಾವಲಿಗೆ ಬಿಟ್ಟು ಹೋಗಲೂ ದುಡ್ಡು ಬೇಕಾಗುತ್ತಿತ್ತು. ಇಂಥವನ್ನು ಯಾರೂ ಪೊಟ್ಟಣ ಕಟ್ಟಿ ತಂದುಕೊಡಲಾರರು. ಊಟ ಕೊಡಿಸಿ, ನಾನು ತಿಂದು ಮುಗಿಸುವವರೆಗೂ ಎದುರಿಗೇ ನಿಂತು, ಈ ಸ್ಥಿತಿಗೆ ಬಂದದ್ದು ಹೇಗೆ ಎಂದು ವಿಚಾರಿಸಿದವರಿದ್ದಾರೆ. ಆ ಊಟಕ್ಕೆ ನಾನು ನನ್ನ ಕಥೆಯನ್ನೇ ಬೆಲೆಯಾಗಿ ತೆತ್ತೆ. ಉತ್ತರ 2ರಲ್ಲಿ ಹೇಳಿದಂತೆ ಮನೆಯೇ ಪರಿಹಾರ, ಸತ್ಯ. ಆದರೆ ಆ ಮನೆ ಸಿಗುವವರೆಗಿನ ದಿನಗಳಲ್ಲೂ ಶೌಚಾಲಯಕ್ಕೆ ಹೋಗಲೇಬೇಕಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಅವರಲ್ಲಿ ಹಿರಿಯರೊಬ್ಬರನ್ನು ಏನು ಬೇಕೆಂದು ಕೇಳಿದೆ. ಓದುವ ಕನ್ನಡಕ ಬೇಕಿತ್ತು ಎಂದರು; ತಂಗುದಾಣದವರು ಕೊಟ್ಟ ಅರ್ಜಿಯ ಅಕ್ಷರ ಕಾಣುವುದಿಲ್ಲವಂತೆ. ಪವರ್ ಎಷ್ಟೆಂದು ಅವರಿಗೂ ತಿಳಿಯದು. ಸಿದ್ಧ ಕನ್ನಡಕ ಕೊಂಡರೆ ನಡೆಯುತ್ತದೆಯೇ?

ಉತ್ತರ 1 ಬರೆದವರು

ವಯಸ್ಸಿನಿಂದ ಬಂದ ತೊಂದರೆಯಾದರೆ ಸದ್ಯಕ್ಕೆ ನಡೆಯುತ್ತದೆ. ಸಿದ್ಧ ಕನ್ನಡಕದಲ್ಲಿ ಎರಡೂ ಗಾಜಿನ ಪವರ್ ಒಂದೇ ಇರುವುದರಿಂದ, ಎರಡು ಕಣ್ಣುಗಳ ದೃಷ್ಟಿ ಬೇರೆ ಬೇರೆಯಾಗಿದ್ದರೆ ತಪಾಸಣೆ ಮಾಡಿಸಲೇಬೇಕಾಗುತ್ತದೆ. ಸಾಧ್ಯವಾದರೆ ಅಂಗಡಿಗೆ ಅವರನ್ನೂ ಕರೆದುಕೊಂಡು ಹೋಗಿ. ಆ ಅರ್ಜಿಯನ್ನೂ ಜೊತೆಗೆ ತರಲು ಹೇಳಿ, ಅದನ್ನೇ ಓದಿ ನೋಡಬಹುದು.