ಅಜ್ಜನ ಬಕ್ಕೆ ಹಲಸು ಉಳಿಸಬೇಕು: ಬೀಜ ಹಾಕಲಾ, ಕಸಿ ಕಟ್ಟಿಸಲಾ?

ಪ್ರಶ್ನೆ: ಸಾಗರದ ಕಡೆ ನಮ್ಮ ಅಜ್ಜ ನೆಟ್ಟ ಬಕ್ಕೆ (ಗಟ್ಟಿ ತೊಳೆಯ) ಹಲಸಿನ ಮರ ಒಂದು ಕಡೆಯಿಂದ ಒಣಗುತ್ತಿದೆ. ಕೆಂಪು ತೊಳೆ, ತುಂಬಾ ಸಿಹಿ. ಬೀಜ ನೆಟ್ಟರೆ ಅದೇ ಹಣ್ಣು ಸಿಗುತ್ತಾ? ಮಾಡಿ ನೋಡಿದವರು ಹೇಳಿ.

ಉತ್ತರ 1: ನಮಗೆ ಸಿಗಲಿಲ್ಲ. ಒಂದೇ ಬಕ್ಕೆ ಹಣ್ಣಿನ ಆರು ಬೀಜ ನೆಟ್ಟಿದ್ದೆವು, ನಾಲ್ಕು ಬದುಕಿದವು. ಎಂಟು ವರ್ಷ ಕಾದು ಕೊಯ್ದರೆ ಎರಡು ಅಂಬಲಿ (ಮೆತ್ತನೆ ತೊಳೆಯವು), ಒಂದು ಬಕ್ಕೆಯಾದರೂ ಸಪ್ಪೆ, ಇನ್ನೊಂದು ಹಪ್ಪಳಕ್ಕೆ ಮಾತ್ರ ಸರಿ. ಮರದ ಕೆಳಗೆ ಕಪ್ಪಾಗಿ ಉದುರಿರುವ ಸಣ್ಣ ಮಿಡಿ ನೋಡಿದ್ದೀರಲ್ವಾ? ಹೆಚ್ಚಿನವು ಗಂಡು ಹೂಗೊಂಚಲು. ಹಣ್ಣಾಗುವುದು ಹೆಣ್ಣು ಗೊಂಚಲು. ಅದಕ್ಕೆ ಪರಾಗ ಪಕ್ಕದ ತೋಟದ ಯಾವುದೋ ಮರದಿಂದ ಬಂದಿರಬಹುದು, ಹಾಗಾಗಿ ತೊಳೆ ನಿಮ್ಮ ಮರದ್ದೇ ಆದರೂ ಒಳಗಿನ ಬೀಜದಲ್ಲಿ ಅರ್ಧ ಗುಣ ಆ ಮರದ್ದು. ಅದೇ ಹಣ್ಣು ಬೇಕಿದ್ದರೆ ಮರದ ಹಸಿರಿರುವ ಕಡೆಯಿಂದ ಕಡ್ಡಿ ತೆಗೆಸಿ ಕಸಿ ಕಟ್ಟಿಸಿ. ಪೂರ್ತಿ ಒಣಗಿದ ಮೇಲೆ ಏನೂ ಮಾಡಲಾಗದು, ದಯವಿಟ್ಟು ತಡ ಮಾಡಬೇಡಿ.

ಉತ್ತರ 2: ಕಸಿ ಕಟ್ಟಿಸಿ, ಆದರೆ ತೋಟ ಪೂರ್ತಿ ಅದೊಂದನ್ನೇ ತುಂಬಬೇಡಿ. ನಮ್ಮದು ನಂಜನಗೂಡು ಕಡೆ, ರಸಬಾಳೆ ಬೆಳೆಯುತ್ತಿದ್ದ ಮನೆ. ಬಾಳೆಗೆ ಬೀಜ ಇಲ್ಲ, ಬುಡದಲ್ಲಿ ಏಳುವ ಮರಿಗಿಡ (ಕಂದು) ಕಿತ್ತು ನೆಡುವುದು, ಅಂದರೆ ತೋಟದ ಅಷ್ಟೂ ಗಿಡ ಹೆಚ್ಚುಕಡಿಮೆ ಒಂದೇ ಗಿಡ. ಪನಾಮಾ ಸೊರಗು ರೋಗ ಮಣ್ಣಿಗೆ ಬಂದಾಗ ತಡೆದು ನಿಲ್ಲುವ ಒಂದು ಬುಡವೂ ಇರಲಿಲ್ಲ. ದಿಂಡು ಅಡ್ಡ ಕೊಯ್ದರೆ ಒಳಗೆ ಕಂದು ಕಲೆ, ನೋಡಿ ಅಪ್ಪ ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟರು. ಅದಕ್ಕೇ ಹೇಳುತ್ತೇನೆ, ನಾಲ್ಕು ಬೀಜದ ಗಿಡವೂ ಇರಲಿ. ಒಳ್ಳೆಯ ತಳಿ ಅಂಥದರಲ್ಲೂ ಸಿಗಬಹುದು: ತುಮಕೂರು ಜಿಲ್ಲೆ ಚೇಳೂರಿನ ಸಿದ್ದು ಎಂಬ ಹಲಸಿನ ತಳಿಯನ್ನು ಈಗ ಎಲ್ಲರೂ ಕಸಿ ಗಿಡವಾಗಿ ಹುಡುಕುತ್ತಾರೆ, ಶುರುವಾಗಿದ್ದು ಒಂದೇ ಒಂದು ಮರದಿಂದ.

ಉತ್ತರ 3: ಬೀಜದ ಗಿಡ ತಾಯಿಯಂತೆ ಬರುವುದಿಲ್ಲ ಎಂಬ ಹಲಸಿನ ಮಾತನ್ನು ಎಲ್ಲ ಮಾವಿಗೂ ಹಚ್ಚಬೇಡಿ. ನಮ್ಮ ಕರಾವಳಿಯ ಬಪ್ಪಕಾಯಿ ಮಾವಿನ ಒಂದು ಗೊರಟಿನಿಂದ ಮೂರು ನಾಲ್ಕು ಮೊಳಕೆ ಏಳುತ್ತವೆ. ಅದರಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ಹಣ್ಣೂ ತಾಯಿಯಂತೆಯೇ. ಹಲಸಿನ ಬೀಜ ನೆಡುವುದಾದರೆ ಒಣಗಿಸಿ ಇಡಬೇಡಿ, ಮೊಳೆಯುವುದಿಲ್ಲ. ಹಣ್ಣು ಬಿಡಿಸಿದ ವಾರದೊಳಗೆ ಲೋಳೆ ತೊಳೆದು ನೆಟ್ಟುಬಿಡಿ, ಗಿಡ ಬೇಕಾದ ಜಾಗದಲ್ಲೇ ನೆಟ್ಟರೆ ತಾಯಿಬೇರಿಗೆ ಪೆಟ್ಟಾಗುವುದಿಲ್ಲ.