ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತಾ? ಓರಿಯೋಲ್ಸ್ ಫಾರ್ಮ್ ಬಗ್ಗೆ ಒಂದು ಜಗಳ

ಕ್ಯಾಮ್ಡನ್ ಕನ್ನಡಿಗ:
2023ರಲ್ಲೂ 2024ರಲ್ಲೂ ಸೀಸನ್ ಶುರುವಾಗುವ ಮುಂಚೆ ಅಮೆರಿಕದ ಬೇಸ್‌ಬಾಲ್ ತಂಡ ಬಾಲ್ಟಿಮೋರ್ ಓರಿಯೋಲ್ಸ್‌ನ ಫಾರ್ಮ್‌ಗೆ ಮೊದಲ ಸ್ಥಾನ ಕೊಟ್ಟ ಪಂಡಿತರೇ ಜಾಸ್ತಿ. ಫಾರ್ಮ್ ಅಂದರೆ ಗೊತ್ತಿಲ್ಲದವರಿಗೆ: ಮೇಲಿನ ತಂಡದ ಕೆಳಗೆ ಆಗ ಡೆಲ್ಮಾರ್ವಾ, ಅಬರ್ಡೀನ್, ಬೌವೀ, ನಾರ್ಫೋಕ್ ಅಂತ ನಾಲ್ಕು ತಂಡ, ನಾಲ್ಕು ಮೆಟ್ಟಿಲು. ಹುಡುಗರು ಆಡುತ್ತಾ ಒಂದೊಂದೇ ಹತ್ತಿ ಬರಬೇಕು. 2023ರಲ್ಲಿ 101 ಪಂದ್ಯ ಗೆದ್ದೆವು, ಪ್ಲೇಆಫ್‌ನಲ್ಲಿ ಟೆಕ್ಸಸ್ ಎದುರು ಮೂರಕ್ಕೆ ಮೂರೂ ಸೋತೆವು. 2024ರಲ್ಲಿ 91 ಗೆಲುವು, ಕಾನ್ಸಾಸ್ ಸಿಟಿ ಎದುರು ಎರಡಕ್ಕೆ ಎರಡೂ ಹೋಯಿತು. 2025ರಲ್ಲಿ 75 ಗೆಲುವು, 87 ಸೋಲು, ಡಿವಿಷನ್‌ನಲ್ಲಿ ಕೊನೆ. ಆ ಮೊದಲ ಸ್ಥಾನ ಕೊಟ್ಟವರು ಏನು ನೋಡಿ ಕೊಟ್ಟರು ಅಂತ ಯಾರಾದರೂ ಹೇಳಿ.

ಲೆಕ್ಕದ ಮೇಷ್ಟ್ರು:
ಸರಿಯಾದದ್ದನ್ನೇ ನೋಡಿ ಕೊಟ್ಟರು. ಫಾರ್ಮ್ ರ‍್ಯಾಂಕಿಂಗ್ ಅಂದರೆ ಇನ್ನೂ ಮೇಲೆ ಬಾರದ ಹುಡುಗರಿಗೆ ಕಟ್ಟಿದ ಬೆಲೆ, ಅಷ್ಟೇ. ಹುಡುಗರನ್ನು ಹುಡುಕಿ ಅಳೆಯುವ ಸ್ಕೌಟ್‌ಗಳು 20ರಿಂದ 80ರವರೆಗೆ ಅಂಕ ಕೊಡುತ್ತಾರೆ. 50 ಅಂದರೆ ಮೇಜರ್ ಲೀಗಿನ ಸಾಧಾರಣ ಆಟಗಾರ. 60 ಅಂದರೆ ಯಾವ ತಂಡಕ್ಕೂ ಬೇಕಾದವನು. ಹತ್ತು ಜನ 45ರವರನ್ನು ಕೂಡಿಸಿದರೂ ಒಬ್ಬ 60ರವನು ಆಗುವುದಿಲ್ಲ. ಶಾರ್ಟ್‌ಸ್ಟಾಪ್ ಅನ್ನುವ ಫೀಲ್ಡಿಂಗ್ ಜಾಗದಲ್ಲಿ ನಿಲ್ಲುವವನು ಒಬ್ಬನೇ ಅಲ್ವಾ? ಬಾಲ್ಟಿಮೋರ್ ಬಳಿ ರಚ್‌ಮನ್, ಹೆಂಡರ್ಸನ್, ಹಾಲಿಡೇ ಒಬ್ಬರ ಹಿಂದೆ ಒಬ್ಬರು ಬಂದರು. ಹೆಂಡರ್ಸನ್ 2023ರಲ್ಲಿ ರೂಕಿ ಆಫ್ ದಿ ಇಯರ್ (ವರ್ಷದ ಉತ್ತಮ ಹೊಸಬ), 2024ರಲ್ಲಿ 37 ಹೋಂ ರನ್ (ಸಿಕ್ಸರ್ ಥರ). ಇನ್ನೇನು ಬೇಕಿತ್ತು?

ಮತ್ತೆ, ಮೇಜರ್ ಲೀಗಿನಲ್ಲಿ 130 ಅಟ್‌ಬ್ಯಾಟ್ (ಬ್ಯಾಟಿಂಗ್ ಸರದಿ) ದಾಟಿದ ಬ್ಯಾಟರ್, 50 ಇನಿಂಗ್ಸ್ ದಾಟಿದ ಪಿಚರ್ (ಚೆಂಡು ಎಸೆಯುವವನು) ಪಟ್ಟಿಯಿಂದ ಹೊರಗೆ ಹೋಗುತ್ತಾರೆ. ಕಣಜದ ಭತ್ತ ತೆಗೆದು ಅನ್ನ ಮಾಡಿದರೆ ಕಣಜ ಖಾಲಿ ಕಾಣುತ್ತದೆ. ಅದಕ್ಕೆ ಅಳಬಾರದು.

ಕ್ಯಾಮ್ಡನ್ ಕನ್ನಡಿಗ:
ಅನ್ನ ಮಾಡಿದಿರಿ ಮೇಷ್ಟ್ರೇ, ಸಾರು ಎಲ್ಲಿ? 2019ರಿಂದ 2024ರವರೆಗಿನ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವುದು) ಮೊದಲ ಸುತ್ತು ನೋಡಿ. ರಚ್‌ಮನ್, ಕರ್ಸ್ಟಾಡ್, ಕೌಸರ್, ಹಾಲಿಡೇ, ಬ್ರಾಡ್‌ಫೀಲ್ಡ್, ಹನಿಕಟ್. ಒಬ್ಬ ಪಿಚರ್ ಇಲ್ಲ! ತಂಡ ಕಟ್ಟುವ ಹೊಣೆಯ ಮೈಕ್ ಇಲಾಯಸ್ ಆರು ವರ್ಷ ಬರೀ ಬ್ಯಾಟ್ ಕೊಂಡರು. ಅದರಲ್ಲೂ 2021ರಲ್ಲಿ 110 ಪಂದ್ಯ ಸೋತ ತಂಡ ಇದು. ಅಷ್ಟು ಸೋತರೆ ಒಳ್ಳೆ ಪಿಕ್ (ಮೊದಲು ಆರಿಸುವ ಸರದಿ) ಯಾರಿಗಾದರೂ ಸಿಗುತ್ತದೆ.

ಬೌವೀ ಬೆಂಚು:
ಸೋತದ್ದಕ್ಕೇ ಸಿಕ್ಕಿದ್ದು ಅನ್ನುವುದು ಅರ್ಧ ನಿಜ. ಹೆಂಡರ್ಸನ್ 2019ರಲ್ಲಿ 42ನೆಯ ಪಿಕ್. ಅವನನ್ನು ಉಳಿದ ತಂಡಗಳಲ್ಲಿ ಹೆಚ್ಚಿನವು ಬಿಟ್ಟಿದ್ದವು.

ನಾನು ಬೇಸಿಗೆಯಲ್ಲಿ ಬೌವೀ ಪಂದ್ಯಗಳಿಗೆ ಹೋಗುತ್ತೇನೆ. (ತಂಡದ ಹೆಸರು 2025ರಲ್ಲಿ ಚೆಸಪೀಕ್ ಆಯಿತು, ನನ್ನ ಬಾಯಿಗೆ ಇನ್ನೂ ಬೌವೀಯೇ ಬರುತ್ತದೆ.) 2022ರಲ್ಲಿ ಹೆಂಡರ್ಸನ್ ಅಲ್ಲಿ ಆಡಿದಾಗ 21 ತುಂಬಿರಲಿಲ್ಲ. ಹಿಂದಿನ ವರ್ಷ ಅಬರ್ಡೀನ್‌ನಲ್ಲಿ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ರಾಶಿ ರಾಶಿ. ಬೌವೀಗೆ ಬಂದಾಗ ಸ್ಟ್ರೈಕ್‌ಔಟ್‌ಗಿಂತ ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟು ಪುಕ್ಕಟೆ ಬೇಸ್) ಜಾಸ್ತಿ! ಮೇಲಿನ ಮೆಟ್ಟಿಲು, ಕಷ್ಟದ ಪಿಚಿಂಗ್, ಆದರೂ ಕೆಟ್ಟ ಚೆಂಡು ಬಿಡುವುದನ್ನು ಕಲಿತಿದ್ದ. ನಾನು ನೋಡುವುದು ಅದನ್ನೇ. ಅದೇ ಮೈದಾನದಲ್ಲಿ 25 ದಾಟಿದ ಒಬ್ಬ ದಿನಾ ಹೋಂ ರನ್ ಹೊಡೆಯುತ್ತಿದ್ದ. ಪಕ್ಕದಲ್ಲಿ ಕೂತ ಅಜ್ಜ ಹೇಳಿದ್ದು, 'ಅವನು ಏಳನೇ ಕ್ಲಾಸಿಗೆ ಮೂರನೇ ಸಲ ಕೂತಿದ್ದಾನೆ, ಫಸ್ಟ್ ಬರಲೇಬೇಕು.' ಅವನ ಹೆಸರು ಈಗ ನನಗೂ ನೆನಪಿಲ್ಲ.

ಹೊಸಬ ಹಾಸನ:
ಕ್ರಿಕೆಟ್ ನೋಡಿ ಬೆಳೆದವನು, ಬೈಬೇಡಿ. ಇದು ರಣಜಿ ಥರ ಅಲ್ವಾ? ಕೆಳಗೆ ರನ್ ಹೊಡೆದವನು ಮೇಲೂ ಹೊಡೆಯುತ್ತಾನೆ ಅಂತ ಏನಿಲ್ಲ.

ಲೆಕ್ಕದ ಮೇಷ್ಟ್ರು:
ಅಷ್ಟು ಮಟ್ಟಿಗೆ ಹೌದು. ಹಾಲಿಡೇಯನ್ನೇ ನೋಡಿ. 2023ರಲ್ಲಿ 19ನೇ ವಯಸ್ಸಿಗೆ ನಾಲ್ಕೂ ಮೆಟ್ಟಿಲು ಒಂದೇ ವರ್ಷದಲ್ಲಿ ಹತ್ತಿದ. 2024ರ ಏಪ್ರಿಲ್‌ನಲ್ಲಿ ಮೇಲೆ ಬಂದು ಮೊದಲ 10 ಪಂದ್ಯದಲ್ಲಿ 34 ಅಟ್‌ಬ್ಯಾಟ್‌ಗೆ 2 ಹಿಟ್, 18 ಸ್ಟ್ರೈಕ್‌ಔಟ್. ವಾಪಸ್ ನಾರ್ಫೋಕ್‌ಗೆ. ಆಗ ಟ್ರಿಪಲ್ ಎ (ನಾರ್ಫೋಕ್ ಇರುವ ಮೆಟ್ಟಿಲು) ಪಂದ್ಯಗಳಲ್ಲಿ ಸ್ಟ್ರೈಕ್ ಹೇಳಲು ಯಂತ್ರದ ನೆರವಿತ್ತು, ಮೇಲೆ ಅಂಪೈರ್ ಕಣ್ಣೇ ಗತಿ. ಸ್ಟ್ರೈಕ್ ಜೋನ್, ಅಂದರೆ ಚೆಂಡು ಸ್ಟ್ರೈಕ್ ಅನ್ನಿಸಿಕೊಳ್ಳುವ ಚೌಕ, ಒಂದೇ ಥರ ಇರಲಿಲ್ಲ. ಅದೊಂದೇ ಕಾರಣ ಅನ್ನಲಾರೆ, ಆದರೆ ಕೆಳಗಿನ ಅಂಕಿ ಹಾಗೇ ಮೇಲಕ್ಕೆ ಬರುವುದಿಲ್ಲ.

ರಣಜಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಬೇರೆ ಇದೆ. ಇಲ್ಲಿ ಹುಡುಗರನ್ನು ಕೊಟ್ಟು ಬೇರೆ ತಂಡದಿಂದ ಆಡುವವನನ್ನು ತರಬಹುದು. ಫಾರ್ಮ್ ಅಂದರೆ ಬೀಜವೂ ಹೌದು, ಗಲ್ಲಾಪೆಟ್ಟಿಗೆಯೂ ಹೌದು.

ಕೆಸಿ ಮಾಮ:
ಅಲ್ಲಿಗೆ ಬಂದಿರಲ್ಲ, ಈಗ ನನ್ನ ಸರದಿ. 2011ರಲ್ಲಿ ಬೇಸ್‌ಬಾಲ್ ಅಮೆರಿಕ ಪತ್ರಿಕೆಯ ಟಾಪ್ 100 ಎಳೆಯರ ಪಟ್ಟಿಯಲ್ಲಿ ನಮ್ಮ ಕಾನ್ಸಾಸ್ ಸಿಟಿ ರಾಯಲ್ಸ್ ಹುಡುಗರು ಒಂಬತ್ತು ಜನ. ಹಾಸ್ಮರ್, ಮುಸ್ಟಾಕಸ್, ಮೈಯರ್ಸ್, ಕೊಲೋನ್, ಮತ್ತೆ ಐದು ಪಿಚರ್‌ಗಳು. ಊರೆಲ್ಲಾ ಹಬ್ಬ. ಆ ಐವರಲ್ಲಿ ರಾಯಲ್ಸ್‌ಗೆ ವರ್ಷಗಟ್ಟಲೆ ಚೆಂಡು ಎಸೆದವನು ಡಫಿ ಒಬ್ಬ. ಜಾನ್ ಲ್ಯಾಂಬ್ ಮೊಣಕೈ ಆಪರೇಷನ್ನಿಗೆ ಹೋದ. ಮಾಂಟ್ಗಮರಿಯನ್ನು ಬಿಟ್ಟುಕೊಟ್ಟೆವು. ಅವನು 2016ರಲ್ಲಿ ಕಬ್ಸ್ ಪರ ವರ್ಲ್ಡ್ ಸೀರೀಸಿನ (ವರ್ಷದ ಫೈನಲ್) ಕೊನೆಯ ಔಟ್ ತೆಗೆದ, ಹೊಟ್ಟೆ ಉರೀತು.

ಆದರೂ 2015ರಲ್ಲಿ ವರ್ಲ್ಡ್ ಸೀರೀಸ್ ನಾವು ಗೆದ್ದೆವು. ಹೇಗೆ? 2012ರ ಡಿಸೆಂಬರ್‌ನಲ್ಲಿ ಮೈಯರ್ಸ್, ಒಡೊರಿಜಿ, ಮಾಂಟ್ಗಮರಿ ಇವರನ್ನೆಲ್ಲ ಟ್ಯಾಂಪಾಗೆ ಕೊಟ್ಟು ಶೀಲ್ಡ್ಸ್ ಮತ್ತು ವೇಡ್ ಡೇವಿಸ್‌ನನ್ನು ತಂದರು. ಅವತ್ತು ನಾನೂ ಬೈದಿದ್ದೆ. 2015ರ ಕೊನೆಯ ಔಟ್ ತೆಗೆದವನು ಅದೇ ಡೇವಿಸ್. ಇನ್ನು ಆ ವರ್ಲ್ಡ್ ಸೀರೀಸಿನ ಎಂವಿಪಿ (ಸರಣಿಶ್ರೇಷ್ಠ) ಯಾರು? ಸಾಲ್ವಡಾರ್ ಪೆರೆಜ್. ಆ ಒಂಬತ್ತು ಹೆಸರಲ್ಲಿ ಅವನಿರಲಿಲ್ಲ!

ಕ್ಯಾಮ್ಡನ್ ಕನ್ನಡಿಗ:
ಮಾಮಾ, ನನ್ನ ಸಂಕಟವೂ ಇದೇ. ನಮ್ಮವರು ಗಲ್ಲಾಪೆಟ್ಟಿಗೆ ತಬ್ಬಿಕೊಂಡು ಕೂತರು. ತೆಗೆದಾಗಲೂ ಎಡವಟ್ಟು. ಪಿಚರ್ ಬರ್ನ್ಸ್‌ಗಾಗಿ ಹಾಲ್, ಆರ್ಟಿಜ್ ಇಬ್ಬರ ಜೊತೆ ಒಂದು ಡ್ರಾಫ್ಟ್ ಪಿಕ್ ಕೊಟ್ಟರು. ಬರ್ನ್ಸ್ ಒಂದು ವರ್ಷ ಆಡಿ ಅರಿಜೋನಾಗೆ ಹೊರಟುಹೋದ. ಇನ್ನೊಬ್ಬ ಪಿಚರ್ ರಾಜರ್ಸ್‌ಗಾಗಿ ಮಯಾಮಿಗೆ ಸ್ಟವರ್ಸ್, ನಾರ್ಬಿ ಹೋದರು. ಸ್ಟವರ್ಸ್ 2025ರಲ್ಲಿ ಆಲ್‌ಸ್ಟಾರ್.

ಬೌವೀ ಬೆಂಚು:
ಅರ್ಧ ಹೇಳಿ ನಿಲ್ಲಿಸಬೇಡಿ ಗುರು. ಅದೇ ರಾಜರ್ಸ್ 2025ರಲ್ಲಿ 18 ಪಂದ್ಯ ಶುರು ಮಾಡಿ 1.81 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು) ಇಟ್ಟ. 2024ರಲ್ಲಿ ಅವನನ್ನು ನಾರ್ಫೋಕ್‌ಗೆ ಕಳಿಸಿದಾಗ ಇದು ಕೆಟ್ಟ ವ್ಯಾಪಾರ ಅಂತ ನಾವೆಲ್ಲ ಷರಾ ಬರೆದಾಗಿತ್ತು.

ಕ್ಯಾಮ್ಡನ್ ಕನ್ನಡಿಗ:
ಸರಿ, ರಾಜರ್ಸ್ ವಿಷಯ ವಾಪಸ್ ತಗೊಂಡೆ. ಪಿಚರ್ ವಿಷಯ ತಗೊಳ್ಳಲ್ಲ.

ಲೆಕ್ಕದ ಮೇಷ್ಟ್ರು:
ಅದರಲ್ಲಿ ನಿಮ್ಮ ಮಾತಿಗೆ ತೂಕ ಇದೆ, ಒಪ್ಪುತ್ತೇನೆ. ಇಲಾಯಸ್ ಯೋಚನೆ ತಪ್ಪಲ್ಲ. ಎಳೆ ಪಿಚರ್‌ಗಳ ಕೈ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ, ಬ್ಯಾಟರ್‌ಗಳನ್ನು ಬೆಳೆಸಿ ಆಮೇಲೆ ಪಿಚರ್ ಕೊಳ್ಳೋಣ ಅನ್ನುವುದು ಲೆಕ್ಕವೇ. ಆದರೆ ಕೊಳ್ಳುವ ದಿನ ಬಂದಾಗ ಕೊಳ್ಳಬೇಕಿತ್ತು. ಪಿಚರ್ ಬ್ರಾಡಿಶ್ ಮೊಣಕೈ 2024ರ ಜೂನ್‌ನಲ್ಲೇ ಹೋಗಿತ್ತು. ಮರು ಚಳಿಗಾಲದಲ್ಲಿ ಬರ್ನ್ಸ್ ಜಾಗಕ್ಕೆ ಅವನ ಮಟ್ಟದ ಇನ್ನೊಬ್ಬ ಬರಲೇ ಇಲ್ಲ. ಇದು ಮಾತ್ರ ಫಾರ್ಮಿನ ತಪ್ಪಲ್ಲ, ಅಂಗಡಿಯವರ ತಪ್ಪು.

ಹೊಸಬ ಹಾಸನ:
ಹಾಗಾದರೆ ನನ್ನಂಥವನು ಒಂದು ಪಟ್ಟಿ ಕೈಗೆ ಬಂದರೆ ಮೊದಲು ಏನು ನೋಡಬೇಕು?

ಬೌವೀ ಬೆಂಚು:
ವಯಸ್ಸು, ಯಾವ ಮೆಟ್ಟಿಲು ಅನ್ನುವುದು. ಆಮೇಲೆ ಸ್ಟ್ರೈಕ್‌ಔಟ್. ಹೋಂ ರನ್ ಕೊನೆಗೆ ನೋಡಿ.

ಕೆಸಿ ಮಾಮ:
ಬ್ಯಾಟರ್ ಎಷ್ಟು, ಪಿಚರ್ ಎಷ್ಟು ಅಂತ ಎಣಿಸು. ಪಿಚರ್ ಹೆಸರು ಕಂಡಲ್ಲಿ ಪೆನ್ಸಿಲ್‌ನಲ್ಲಿ ಬರಿ.

ಕ್ಯಾಮ್ಡನ್ ಕನ್ನಡಿಗ:
ಒಂದೇ ಜಾಗಕ್ಕೆ ಎಷ್ಟು ಜನ ಕಾಯುತ್ತಿದ್ದಾರೆ ಅಂತಲೂ ನೋಡಿ. ಬಸಾಲೊಗೆ 2025ರ ಆಗಸ್ಟ್‌ನಲ್ಲಿ 8 ವರ್ಷಕ್ಕೆ 6.7 ಕೋಟಿ ಡಾಲರ್ ಕೊಟ್ಟರು, ಮೇಲೆ ಬಂದು ವಾರವೂ ಆಗಿರಲಿಲ್ಲ. ಒಳ್ಳೆಯ ಹುಡುಗ, ನನಗೆ ಖುಷಿಯೇ. ಆದರೆ ಅವನು ಕ್ಯಾಚರ್ (ವಿಕೆಟ್ ಕೀಪರ್ ಥರ, ಒಬ್ಬನೇ ನಿಲ್ಲುವ ಜಾಗ). ರಚ್‌ಮನ್‌ ಕೂಡ ಕ್ಯಾಚರ್.

ಕೆಸಿ ಮಾಮ:
ಒಬ್ಬನನ್ನು ನಮಗೆ ಕಳಿಸಿ. ನಮ್ಮ ಕ್ಯಾಚರ್ ಪೆರೆಜ್‌ಗೂ ವಯಸ್ಸಾಯಿತು.

ಕ್ಯಾಮ್ಡನ್ ಕನ್ನಡಿಗ:
ಪಿಚರ್ ಕೊಡ್ತೀರಾ?