ವಿಶ್ವವಿದ್ಯಾಲಯ ತಂಡದಲ್ಲಿ ಆಡುತ್ತಲೇ ಅಂಕಗಳನ್ನೂ ಉಳಿಸಿಕೊಂಡವರು ಅನುಭವ ತಿಳಿಸಿ

ಪ್ರಶ್ನೆ: ಎಂಜಿನಿಯರಿಂಗ್ ಐದನೇ ಸೆಮಿಸ್ಟರ್‌ನಲ್ಲಿರುವ, ಇದುವರೆಗೂ ತರಗತಿಗೆ ಮೊದಲಿಗನಾಗಿರುವ ನನ್ನ ಮಗ ವಿಶ್ವವಿದ್ಯಾಲಯದ ಕ್ರಿಕೆಟ್ ತಂಡಕ್ಕೆ ಆಯ್ಕೆಯಾಗಿದ್ದಾನೆ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಕಳುಹಿಸಬಹುದೇ? ಶನಿವಾರದೊಳಗೆ ಒಪ್ಪಿಗೆ ಪತ್ರ ಕೊಡಬೇಕಾಗಿದೆ.

ಹಳೆಯ ಕೀಪರ್: ನಾನು ಹೋಗಿದ್ದೆ. ಶಿಬಿರಕ್ಕೆ 12 ದಿನ, ರೈಲಿನಲ್ಲಿ 4 ದಿನ, ಪಂದ್ಯಗಳಿಗೆ 9 ದಿನ, ಹೀಗೆ ಒಟ್ಟು 25 ದಿನಗಳ ತರಗತಿ ತಪ್ಪಿತು. ಹಾಜರಾತಿ ಪತ್ರದಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಸಹಿಯಿದ್ದರೂ ಮುದ್ರೆಯಿಲ್ಲವೆಂದು ಕಚೇರಿಯವರು ಎರಡು ಸಲ ಹಿಂದಿರುಗಿಸಿದರು. ಅಭ್ಯಾಸದಲ್ಲಿ ಉಂಗುರದ ಬೆರಳು ಮುರಿದಿತ್ತು. ಪಟ್ಟಿ ಸುತ್ತಿದ ಅದೇ ಬಲಗೈಯಲ್ಲಿ ಮೂರು ಗಂಟೆ ಪರೀಕ್ಷೆ ಬರೆದು 41 ಅಂಕ ಪಡೆದೆ. ಇಷ್ಟಕ್ಕೂ ನನಗೆ ಆಡಲು ಸಿಕ್ಕಿದ್ದು ಒಂದೇ ಪಂದ್ಯ, ಗಳಿಸಿದ್ದು 7 ರನ್.

ಎಡಗೈ ಸ್ಪಿನ್ನರ್: ಯೋಜನೆಯಿಲ್ಲದವರು ಆಟವನ್ನು ದೂರುತ್ತಾರೆ. ನಾನು ಪ್ಯಾಡುಗಳ ನಡುವೆ ನೋಟ್ಸ್ ಇಟ್ಟುಕೊಂಡು ಹೋಗಿ, ನಮ್ಮ ಬ್ಯಾಟಿಂಗ್ ನಡೆಯುವಾಗ ಪೆವಿಲಿಯನ್ನಿನಲ್ಲೇ ಓದಿ, ಕೊನೆಗೆ ಚಿನ್ನದ ಪದಕವನ್ನೇ ಪಡೆದೆ. ಅನಿಲ್ ಕುಂಬ್ಳೆ 1990ರಲ್ಲೇ ಟೆಸ್ಟ್ ಆಡಿದರೂ ಎಂಜಿನಿಯರಿಂಗ್ ಪದವಿ ಮುಗಿಸಲಿಲ್ಲವೇ? ಜಾವಗಲ್ ಶ್ರೀನಾಥ್ ಅವರೂ ಎಂಜಿನಿಯರರೇ.

ಹಳೆಯ ಕೀಪರ್: ಕುಂಬ್ಳೆಯವರ ಹೆಸರಿನ ಹಿಂದೆ ನೀವು ಅಡಗಿಕೊಳ್ಳಬೇಡಿ. 1962ರ ವೆಸ್ಟ್ ಇಂಡೀಸ್ ಪ್ರವಾಸದ ನಂತರ ಎಂಜಿನಿಯರಿಂಗ್ ಮುಗಿಸಲೆಂದು ಹಿಂದೆ ಸರಿದ ಎರಪಳ್ಳಿ ಪ್ರಸನ್ನ ಅವರು ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಅಂಥ ಬೌಲರ್‌ಗೇ ಎರಡನ್ನೂ ಒಟ್ಟಿಗೆ ಹಿಡಿಯಲಾಗಲಿಲ್ಲ.

ಎಡಗೈ ಸ್ಪಿನ್ನರ್: ಹಿಂದಿರುಗಿದ ಮೇಲೆ ಅವರು 20ನೇ ಟೆಸ್ಟ್‌ನಲ್ಲೇ ನೂರು ವಿಕೆಟ್ ಪೂರೈಸಿದ್ದನ್ನು ಏಕೆ ನುಂಗಿದಿರಿ?

ಕೊನೆಯ ಬೆಂಚು: ಪ್ಯಾಡುಗಳ ನಡುವಿನ ಆ ನೋಟ್ಸ್ ಬರೆದವರು ಯಾರು, ಸ್ವಾಮಿ? ನಾನೂ ನಮ್ಮ ತಂಡದ ನಾಯಕನಿಗಾಗಿ ಎರಡು ಸೆಮಿಸ್ಟರ್ ಕಾಲ ಕಾರ್ಬನ್ ಹಾಳೆಯಿಟ್ಟು ಬರೆದವಳು. ಅಡಿಯ ಪ್ರತಿ ಮಸುಕಾಗಿದೆಯೆಂದು ಆತ ಮೇಲಿನದನ್ನೇ ಒಯ್ಯುತ್ತಿದ್ದ. ಅವನಿಗೆ ನನಗಿಂತ 6 ಅಂಕ ಹೆಚ್ಚು ಬಂದವು, ಸನ್ಮಾನವೂ ಆಯಿತು.

ಎಡಗೈ ಸ್ಪಿನ್ನರ್: ನನ್ನ ಪದಕಕ್ಕೂ ನಿಮ್ಮ ನಾಯಕನಿಗೂ ಏನು ಸಂಬಂಧ?

ಕೊನೆಯ ಬೆಂಚು: ನೋಟ್ಸ್ ಯಾರದೆಂದು ನೀವು ಇನ್ನೂ ಹೇಳಿಲ್ಲ.